ಡಾಕ್ಟ್ರಮ್ಮನ ಕೇಳಿ: ಆಂಬುಲೆನ್ಸ್ ಬರೋವರೆಗೂ ಯಾರ ಕೈಲಿರುತ್ತೆ ಜೀವ?

ಈ ಸಲ ಶುಗರ್ರು, ಥೈರಾಯ್ಡು, ಕೂದಲು ಉದುರೋದು ಎಲ್ಲಾನೂ ಪಕ್ಕಕ್ಕಿಡ್ತೀನಿ, ಕೇಳಿದವರು ಬೇಜಾರು ಮಾಡ್ಕೋಬೇಡಿ. ತಿಪಟೂರು ಕಡೆಯಿಂದ ಬಂದ ಒಂದು ಪತ್ರ ಎರಡು ದಿನ ತಲೆಯಿಂದ ಹೋಗಲಿಲ್ಲ, ಅದೇ ವಿಷಯದ ಇನ್ನೂ ಏಳೆಂಟು ಪ್ರಶ್ನೆ ಫೈಲಲ್ಲಿ ಕೂತಿದ್ವು, ಎಲ್ಲಾ ಒಟ್ಟಿಗೇ ತಗೊಂಡಿದೀನಿ.

ಡಾಕ್ಟ್ರಮ್ಮ, ನಮ್ಮ ಭಾವನವರಿಗೆ 54 ವರ್ಷ. ಮದುವೆ ಛತ್ರದಲ್ಲಿ ಊಟದ ಪಂಕ್ತಿಯಲ್ಲಿ ಕೂತಿದ್ದೋರು ಹಂಗೇ ಪಕ್ಕಕ್ಕೆ ವಾಲಿದ್ರು. ಕೈಕಾಲು ಒಂದೆರಡು ಸಲ ಒದರಿಕೊಂಡ್ರು, ಫಿಟ್ಸ್ ಅಂತ ಯಾರೋ ಬೀಗದ ಕೈ ಗೊಂಚಲು ಕೈಗೆ ಕೊಟ್ರು, ನೀರು ಚಿಮುಕಿಸಿದ್ರು, ಬಾಯಿಗೂ ಹಾಕಿದ್ರು. ಗೊರ ಗೊರ ಅಂತ ಉಸಿರಾಡ್ತಾ ಇದ್ರು, ಅದಕ್ಕೇ ಜೀವ ಇದೆ ಅಂತ ಕಾರಿನ ಹಿಂದಿನ ಸೀಟಲ್ಲಿ ಮಡಿಚಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ್ವಿ, 25 ನಿಮಿಷ ಆಯ್ತು. ಬರೋವಾಗಲೇ ಹೋಗಿದೆ ಅಂದ್ರು. ಒಬ್ರು ಹಾರ್ಟ್ ಅಟ್ಯಾಕ್ ಅಂದ್ರು, ಇನ್ನೊಬ್ರು ಕಾರ್ಡಿಯಾಕ್ ಅರೆಸ್ಟ್ ಅಂದ್ರು. ಎರಡೂ ಒಂದೇನಾ? ನಾವು ಏನಾದ್ರೂ ತಪ್ಪು ಮಾಡಿದ್ವಾ?
ಹೆಸರು ಬೇಡ ಅಂದಿದಾರೆ, ತಿಪಟೂರು ತಾಲೂಕು

ತಾಯಿ, ಮೊದಲು ಕೊನೇ ಪ್ರಶ್ನೆಗೆ ಹೇಳ್ತೀನಿ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಛತ್ರದಲ್ಲಿ ಏನು ಮಾಡ್ತಿದ್ರೋ ನೀವೂ ಅದನ್ನೇ ಮಾಡಿದೀರಿ, ಯಾರೂ ನಿಮಗೆ ಬೇರೆ ಹೇಳಿಕೊಟ್ಟಿರಲಿಲ್ಲ. ಕಲಿಸದೇ ಇದ್ದಿದ್ದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ನೀವು ಬರೆದಿರೋದ್ರಲ್ಲಿ ಮೂರು ವಿಷಯ ಇದೆ, ಓದೋರೆಲ್ಲ ಗಮನಿಸಬೇಕು ಅಂತ ಬಿಡಿಸಿ ಹೇಳ್ತೀನಿ.

ಎರಡೂ ಒಂದಲ್ಲ. ನಮ್ಮ ಪೇಪರ್‌ನವರು ಎಲ್ಲಾದಕ್ಕೂ 'ಹೃದಯಾಘಾತದಿಂದ ನಿಧನ' ಅಂತಲೇ ಬರೀತಾರೆ, ಅದರಿಂದಲೇ ಅರ್ಧ ಗೊಂದಲ. ನಿಮ್ಮ ಕಡೆ ತೆಂಗಿನ ತೋಟ, ಬೋರ್‌ವೆಲ್ ಇದ್ದೇ ಇರುತ್ತಲ್ಲ, ಹಂಗೇ ಯೋಚನೆ ಮಾಡಿ. ಪೈಪಿಗೆ ಕಸ ಸಿಕ್ಕಿಕೊಂಡಿದೆ, ಮೋಟರ್ ಓಡ್ತಾ ಇದೆ, ಆದ್ರೆ ತೋಟದ ಒಂದು ಮೂಲೆಗೆ ನೀರು ಹೋಗ್ತಿಲ್ಲ, ಅಲ್ಲಿ ಗಿಡ ಒಣಗೋಕೆ ಶುರು. ಇದು ಹಾರ್ಟ್ ಅಟ್ಯಾಕು, ಹೃದಯಾಘಾತ. ರಕ್ತನಾಳ ಕಟ್ಟಿಕೊಂಡಿರುತ್ತೆ, ಮನುಷ್ಯ ಮಾತಾಡ್ತಾ ಇರ್ತಾನೆ, ಎದೆ ಹಿಂಡುತ್ತೆ ಅಂತಾನೆ, ಬೆವರ್ತಾನೆ. ಇನ್ನೊಂದು ಇದೆ, ಸ್ಟಾರ್ಟರ್ ಒತ್ತಿದ್ರೆ ಮೋಟರ್ ಗುಂಯ್ ಅನ್ನುತ್ತೆ ಅಷ್ಟೇ, ತಿರುಗಲ್ಲ, ಒಂದು ಹನಿ ನೀರು ಎತ್ತಲ್ಲ. ಇದು ಕಾರ್ಡಿಯಾಕ್ ಅರೆಸ್ಟು, ಹೃದಯ ಸ್ತಂಭನ. ಹೃದಯದ ಕರೆಂಟು ಕೆಟ್ಟು ಅದು ಬಡಿಯೋದು ಬಿಟ್ಟು ಬರೀ ನಡುಗ್ತಾ ಇರುತ್ತೆ, ಮೆದುಳಿಗೆ ರಕ್ತ ಹೋಗಲ್ಲ, ಆಸಾಮಿ ಕೆಲವೇ ಸೆಕೆಂಡಲ್ಲಿ ಜ್ಞಾನ ತಪ್ಪಿ ಬೀಳ್ತಾನೆ. ಮೊದಲನೇದು ಎರಡನೇದಕ್ಕೆ ದಾರಿ ಮಾಡಿಕೊಡಬಹುದು, ಎಷ್ಟೋ ಸಲ ಹಂಗೇ ಆಗೋದು, ನಿಮ್ಮ ಭಾವನವರಿಗೂ ಹಂಗೇ ಆಗಿರಬಹುದು, ಅದಕ್ಕೇ ಇಬ್ಬರು ಎರಡು ಥರ ಹೇಳಿರ್ತಾರೆ. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಕರೆಂಟ್ ಶಾಕ್, ನೀರಲ್ಲಿ ಮುಳುಗಿದ್ದು, ಇದರಿಂದೆಲ್ಲ ಬ್ಲಾಕೇಜ್ ಇಲ್ಲದೇನೂ ಅರೆಸ್ಟ್ ಆಗುತ್ತೆ.

ಈಗ ಆ ಮೂರು ವಿಷಯ. ಕೈಕಾಲು ಒದರಿಕೊಂಡಿದ್ದು ಫಿಟ್ಸ್ ಆಗಿರಲಿಕ್ಕಿಲ್ಲ. ಹೃದಯ ನಿಂತ ತಕ್ಷಣ ಮೆದುಳಿಗೆ ರಕ್ತ ತಪ್ಪಿದಾಗ ಹಂಗೆ ಒಂದೆರಡು ಸಲ ಒದರುತ್ತೆ, ಆಮೇಲೆ ದೇಹ ಸಡಿಲ ಬೀಳುತ್ತೆ. ಬೀಗದ ಕೈ ಫಿಟ್ಸಿಗೂ ಔಷಧಿ ಅಲ್ಲ ಬಿಡಿ, ಅದು ಬೇರೆ ಕಥೆ. ಆ ಗೊರ ಗೊರ ಶಬ್ದ ಇದೆಯಲ್ಲ, ಅದು ಉಸಿರಾಟ ಅಲ್ಲ. ನೀರಿಂದ ಆಚೆ ತೆಗೆದ ಮೀನು ಬಾಯಿ ಬಾಯಿ ಬಿಡುತ್ತಲ್ಲ, ಹಂಗೆ ಎಷ್ಟೋ ಹೊತ್ತಿಗೊಂದು ಸಲ ಬರುತ್ತೆ, ಹೃದಯ ನಿಂತಮೇಲೂ ಕೆಲವು ನಿಮಿಷ ಇರುತ್ತೆ, ಮನೆಯವರಿಗೆ ಉಸಿರಾಡ್ತಿದಾರೆ ಅನ್ನೋ ಆಸೆ ಹುಟ್ಟಿಸಿ ಟೈಮ್ ತಿಂದುಬಿಡುತ್ತೆ. ನಾನು ಕ್ಯಾಶುವಾಲ್ಟಿಯಲ್ಲಿ ಇಪ್ಪತ್ತು ವರ್ಷದ ಮೇಲೆ ಕೂತಿದೀನಿ, 'ದಾರಿಯಲ್ಲೆಲ್ಲಾ ಉಸಿರಾಡ್ತಾನೇ ಇದ್ರು ಡಾಕ್ಟ್ರೇ' ಅನ್ನೋ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಮೂರನೇದು ಆ 25 ನಿಮಿಷ. ಕಾರಲ್ಲಿ ಮಡಿಚಿ ಮಲಗಿಸಿದಾಗ ಎದೆ ಒತ್ತೋಕೆ ಜಾಗವೇ ಇರಲ್ಲ. ರಕ್ತ ಓಡಾಡದೇ ನಾಲ್ಕರಿಂದ ಆರು ನಿಮಿಷ ಆದ್ರೆ ಮೆದುಳಿಗೆ ಪೆಟ್ಟು ಬೀಳೋಕೆ ಶುರು ಆಗುತ್ತೆ, ಏನೂ ಮಾಡದೇ ಕಳೆದ ಒಂದೊಂದು ನಿಮಿಷಕ್ಕೂ ಬದುಕೋ ಅವಕಾಶ ಶೇಕಡಾ 7ರಿಂದ 10ರಷ್ಟು ಇಳೀತಾ ಹೋಗುತ್ತೆ. ಲೆಕ್ಕ ನೀವೇ ಹಾಕಿ, ಹತ್ತು ನಿಮಿಷಕ್ಕೆ ಏನು ಉಳೀತು?

ಹಂಗಾಗಿ ಈ ಕಾಯಿಲೆಗೆ ಮೊದಲನೇ ಡಾಕ್ಟ್ರು ಪಕ್ಕದ ಎಲೆಯಲ್ಲಿ ಊಟಕ್ಕೆ ಕೂತವರೇ. ಭುಜ ತಟ್ಟಿ ಜೋರಾಗಿ ಕರೀರಿ. ಓ ಅನ್ನಲಿಲ್ಲ, ಎದೆ ಸರಿಯಾಗಿ ಏರಿಳೀತಿಲ್ಲ, ಇಷ್ಟು ನೋಡೋಕೆ ಹತ್ತು ಸೆಕೆಂಡ್ ಸಾಕು. ನಾಡಿ ಹುಡುಕ್ತಾ ಕೂರಬೇಡಿ, ಗಾಬರಿಯಲ್ಲಿ ನಿಮ್ಮ ನಾಡಿಯೇ ನಿಮ್ಮ ಬೆರಳಿಗೆ ಬಡಿಯುತ್ತೆ. ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡ್ಲಿ, ಇನ್ನೊಬ್ಬರು ಮೇನ್ ರೋಡಿಗೆ ಓಡಿ ಆಂಬುಲೆನ್ಸಿಗೆ ಕೈ ಬೀಸೋಕೆ ನಿಲ್ಲಲಿ, ಇನ್ನೊಬ್ಬರು ನೆಲದ ಮೇಲೆ ಅಂಗಾತ ಮಲಗಿಸಿ ಎದೆ ಒತ್ತೋಕೆ ಶುರು ಮಾಡ್ಲಿ. ಬಾಯಿಗೆ ನೀರು ಹಾಕಲೇಬೇಡಿ, ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ. ಗಂಗಾಜಲ ಬಿಡೋ ಆತುರ ನಮ್ಮ ಜನಕ್ಕೆ ಸ್ವಲ್ಪ ಜಾಸ್ತಿನೇ.

ಒಂದು ಸಲ ಹೀಗೇ ಒಂದು ಛತ್ರದಲ್ಲಿ ನಾನೇ ರೇಷ್ಮೆ ಸೀರೆ ಸೆರಗು ಸಿಕ್ಕಿಸಿಕೊಂಡು ಒಬ್ಬರ ಎದೆ ಒತ್ತುತಾ ಇದ್ದಾಗ ಹಿರಿಯರೊಬ್ಬರು ನನ್ನ ಕೈ ಹಿಡಿದು ಎಳೆದ್ರು, 'ಹೋಗೋ ಜೀವಕ್ಕೆ ಯಾಕಮ್ಮ ಹಿಂಸೆ ಕೊಡ್ತೀಯ' ಅಂತ. ಅವರದೂ ಪ್ರೀತಿಯೇ. ಪಕ್ಕದಲ್ಲಿದ್ದ ಅಡುಗೆಯವರ ಹುಡುಗ ಅವರನ್ನ ಸರಿಸಿ 'ನೀವು ಒತ್ತಿ ಮೇಡಂ, ಆಮೇಲೆ ನಾನು' ಅಂದ. ಅವತ್ತು ಆ ಹುಡುಗ ಇಲ್ಲದಿದ್ರೆ ನನ್ನ ಕೈ ಎರಡೇ ನಿಮಿಷಕ್ಕೆ ಸೋತಿರೋದು.

ಬಾಯಿಗೆ ಬಾಯಿ ಇಟ್ಟು ಗಾಳಿ ಕೊಡಲೇಬೇಕಾ? ಪಕ್ಕೆಲುಬು ಮುರಿದ್ರೆ? ಹೆಂಗಸರು ಬಿದ್ರೆ ಗಂಡಸರು ಮುಟ್ಟಬಹುದಾ?
ಪಿಜಿ ಹುಡುಗರು, ಶಿವಮೊಗ್ಗ

ಕೊನೇದು ಕೇಳಿದ್ದು ಒಳ್ಳೇದಾಯ್ತು ಕಣ್ರಪ್ಪ, ಮನಸ್ಸಲ್ಲಿ ಎಲ್ಲರಿಗೂ ಇರುತ್ತೆ, ಬಾಯಿಬಿಟ್ಟು ಯಾರೂ ಕೇಳಲ್ಲ. ಮುಟ್ಟಬಹುದು, ಮುಟ್ಟಬೇಕು. ಈ ಸಂಕೋಚದಿಂದಲೇ ಹೊರದೇಶಗಳಲ್ಲೂ ದಾರಿಯಲ್ಲಿ ಬಿದ್ದ ಹೆಂಗಸರಿಗೆ ಸಿಪಿಆರ್, ಅಂದ್ರೆ ಈ ಎದೆ ಒತ್ತೋ ಚಿಕಿತ್ಸೆ, ಸಿಗೋದು ಕಮ್ಮಿ ಅಂತ ಕಂಡುಬಂದಿದೆ. ಅಂಗೈಯ ಹಿಮ್ಮಡಿ ಭಾಗ ಎದೆ ಮಧ್ಯದ ಮೂಳೆಯ ಕೆಳಗಿನ ಅರ್ಧದ ಮೇಲೆ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಚದೆ ಮೈಭಾರ ಬಿಟ್ಟು ಒತ್ತೋದು. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಇಳೀಬೇಕು, ನಿಮಿಷಕ್ಕೆ 100ರಿಂದ 120 ಸಲ. ಒತ್ತಿದ ಮೇಲೆ ಎದೆ ಪೂರ್ತಿ ಮೇಲಕ್ಕೆ ಬರೋಕೆ ಬಿಡಿ, ಇಲ್ಲಾಂದ್ರೆ ಹೃದಯಕ್ಕೆ ರಕ್ತ ತುಂಬಲ್ಲ. ಹಾಸಿಗೆ ಮೇಲೆ ಒತ್ತಿದ್ರೆ ಹಾಸಿಗೆ ಕುಗ್ಗುತ್ತೆ, ಎದೆ ಅಲ್ಲ, ನೆಲಕ್ಕೆ ಇಳಿಸಿ. ಎರಡು ನಿಮಿಷಕ್ಕೊಬ್ಬರು ಬದಲಾಗಿ.

ಕಣ್ಣೆದುರಿಗೆ ದಿಢೀರ್ ಅಂತ ಬಿದ್ದ ದೊಡ್ಡವರಿಗೆ ಬಾಯಿ ಗಾಳಿ ಇಲ್ಲದೆ ಬರೀ ಎದೆ ಒತ್ತಿದ್ರೂ ಸಾಕು, ಅವರ ರಕ್ತದಲ್ಲಿ ಕೆಲವು ನಿಮಿಷಕ್ಕೆ ಆಗುವಷ್ಟು ಆಕ್ಸಿಜನ್ ಇದ್ದೇ ಇರುತ್ತೆ, ಅದನ್ನ ತಳ್ಳೋಕೆ ಒಂದು ಕೈ ಬೇಕು ಅಷ್ಟೇ. ತುಂಗೆಯಲ್ಲಿ ಮುಳುಗಿದವರಿಗೆ, ಸಣ್ಣ ಮಕ್ಕಳಿಗೆ ಮಾತ್ರ ಗಾಳಿ ಕೊಡಲೇಬೇಕು, ಅಲ್ಲಿ ತೊಂದರೆ ಶುರುವಾಗಿರೋದೇ ಉಸಿರಿಂದ. ಅದನ್ನ ಟ್ರೈನಿಂಗಲ್ಲಿ ಗೊಂಬೆ ಮೇಲೆ ಕಲೀರಿ. ಪಕ್ಕೆಲುಬು ಮುರೀಬಹುದು, ಕಟಕ್ ಅನ್ನುತ್ತೆ, ಮೊದಲನೇ ಸಲ ಕೇಳಿದಾಗ ನನಗೂ ಕೈ ಹಿಂದಕ್ಕೆ ಬಂದಿತ್ತು. ನಿಲ್ಲಿಸಬೇಡಿ. ಎಲುಬು ಕೂಡುತ್ತೆ. ಪೊಲೀಸ್ ಕೇಸ್ ಆಗುತ್ತಾ ಅಂತ ಬೇರೆಯವರೂ ಕೇಳಿದಾರೆ, ಇಲ್ಲೇ ಹೇಳ್ತೀನಿ, ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲೇ ರಕ್ಷಣೆ ಇದೆ, ಇನ್ನು ಜ್ಞಾನ ಇಲ್ಲದವರಿಗೆ ಅವರ ಒಳ್ಳೇದಕ್ಕೇ ಅಂತ ಒಳ್ಳೇ ಮನಸ್ಸಿಂದ ಮಾಡಿದ್ದು ಅಪರಾಧ ಅಲ್ಲ ಅನ್ನೋದು ಹಳೇ ಐಪಿಸಿಯಲ್ಲೂ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನಲ್ಲೂ ಇದೆ.

2025ರಲ್ಲಿ ಹಠಾತ್ ಹೃದಯದ ಸಾವುಗಳಿಂದ ನಮ್ಮ ಜಿಲ್ಲೆ ಹೆಸರು ದಿನಾ ಟಿವಿಯಲ್ಲಿ ಬರ್ತಿತ್ತು. ಇದೆಲ್ಲ ಕೋವಿಡ್ ಇಂಜೆಕ್ಷನ್ ಎಫೆಕ್ಟೇ ಅಂತ ನಮ್ಮ ಮನೆಯಲ್ಲಿ ಈಗಲೂ ಜಗಳ.
ಶಿಕ್ಷಕಿ, ಹಾಸನ

ಆ ಜೂನ್, ಜುಲೈ ನನಗೂ ನೆನಪಿದೆ ಮೇಡಂ, ಬೆಂಗಳೂರು, ಮೈಸೂರು ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಕ್ಯೂ, ಎದೆ ನೋವಿಲ್ಲದವರೂ ಇಸಿಜಿ ಮಾಡಿಸೋಕೆ ನಿಂತಿದ್ರು, ನಿಜವಾಗಿ ನೋವಿದ್ದವರಿಗೆ ಜಾಗ ಸಿಗೋದು ಕಷ್ಟ ಆಗಿತ್ತು. ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ಸಮಿತಿ ನೋಡಿತು, ಲಸಿಕೆಗೂ ಈ ಸಾವಿಗೂ ಸಂಬಂಧ ಸಿಗಲಿಲ್ಲ. ಅದಕ್ಕೂ ಮೊದಲು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದೇ ಐಸಿಎಂಆರ್‌ನವರು 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನ ದೇಶದ 47 ಆಸ್ಪತ್ರೆಗಳ ಮೂಲಕ ಅಧ್ಯಯನ ಮಾಡಿದ್ರು, ಅಲ್ಲಿ ಕಂಡಿದ್ದು ಏನು ಗೊತ್ತಾ, ಮನೆಯಲ್ಲಿ ಹಿಂದೆ ಯಾರಾದ್ರೂ ಹಂಗೇ ದಿಢೀರ್ ಅಂತ ಹೋಗಿದ್ದು, ಕೋವಿಡ್ಡಿಂದ ಆಸ್ಪತ್ರೆ ಸೇರಿದ್ದು, ಸಾಯೋ ಮೊದಲಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದಿದ್ದು, ಡ್ರಗ್ಸು, ಮೈಮುರಿಯೋ ವ್ಯಾಯಾಮ. ಲಸಿಕೆ ಆ ಪಟ್ಟಿಯಲ್ಲಿರಲಿಲ್ಲ. ಈ ಉತ್ತರದಿಂದ ಜಗಳ ನಿಲ್ಲುತ್ತೆ ಅಂತ ನಾನೇನೂ ಅಂದ್ಕೊಂಡಿಲ್ಲ. ನನ್ನ ತಕರಾರು ಬೇರೇನೇ, ಯಾಕೆ ಬಿದ್ರು ಅನ್ನೋದ್ರ ಮೇಲೆ ಅಷ್ಟು ದಿನ ಚರ್ಚೆ ಮಾಡಿದ ಚಾನೆಲ್‌ಗಳು ಬಿದ್ದಾಗ ಏನು ಮಾಡಬೇಕು ಅಂತ ಹತ್ತು ನಿಮಿಷ ತೋರಿಸಿದ್ರೆ ಇಡೀ ಜಿಲ್ಲೆ ಕಲಿತುಬಿಡ್ತಿತ್ತು.

34 ವರ್ಷ, ಐಟಿ ಕೆಲಸ. ಅಪ್ಪು ಹೋದಮೇಲೆ ಅಮ್ಮ ಜಿಮ್ಮಿಗೆ ಹೋಗೋಕೇ ಬಿಡ್ತಿಲ್ಲ.
ಬೆಂಗಳೂರು

29 ಅಕ್ಟೋಬರ್ 2021, ಆ ದಿನ ಎಲ್ಲಿದ್ರಿ ಅಂತ ಕೇಳಿದ್ರೆ ಕರ್ನಾಟಕದಲ್ಲಿ ಎಲ್ಲರೂ ಹೇಳ್ತಾರೆ. ಪುನೀತ್‌ಗೆ 46, ವ್ಯಾಯಾಮ ಆದ್ಮೇಲೆ ಸುಸ್ತು ಅನಿಸಿ ಫ್ಯಾಮಿಲಿ ಡಾಕ್ಟ್ರ ಹತ್ರ ಹೋಗಿದ್ರು, ಅಲ್ಲಿಂದ ಆಸ್ಪತ್ರೆಗೆ ಹೋಗೋ ದಾರಿಯಲ್ಲೇ ಕೈಮೀರಿತು. ಅಮ್ಮನ ಭಯ ಅರ್ಥ ಆಗುತ್ತೆ, ಆದ್ರೆ ದಿನಾ ಹದವಾಗಿ ಮಾಡೋ ವ್ಯಾಯಾಮ ಹೃದಯಕ್ಕೆ ಒಳ್ಳೇದೇ. ಆರು ತಿಂಗಳು ಕುರ್ಚಿಯಲ್ಲಿ ಕೂತು, ಒಂದಿನ ಎದ್ದು ಹೋಗಿ ಪಕ್ಕದವನಷ್ಟೇ ಭಾರ ಎತ್ತೋದು, ಜ್ವರ ಬಂದಿದ್ದಾಗಲೂ ಹೋಗೋದು, ನಿದ್ದೆ ಕೆಟ್ಟು ಹೋಗೋದು, ಅಪಾಯ ಇರೋದು ಅಲ್ಲಿ. ಮನೆಯಲ್ಲಿ 50 ವರ್ಷದೊಳಗೆ ದಿಢೀರ್ ಸಾವಾಗಿದ್ರೆ, ಓಡುವಾಗ ಕಣ್ಣು ಕತ್ತಲೆ ಬಂದಿದ್ರೆ ಮೊದಲು ಡಾಕ್ಟ್ರಿಗೆ ತೋರಿಸಿ. ಅಮ್ಮನಿಗೆ ಹೇಳಿ, ಬರೋ ತಿಂಗಳು ಫೀಸ್ ಕಟ್ಟೋವಾಗ 'ನಿಮ್ಮಲ್ಲಿ ಯಾರಿಗೆ ಸಿಪಿಆರ್ ಬರುತ್ತೆ' ಅಂತ ಟ್ರೈನರ್‌ನ ಕೇಳ್ತೀನಿ ಅಂತ. ಪ್ರೋಟೀನ್ ಪೌಡರ್ ಬಗ್ಗೆ ಗಂಟೆಗಟ್ಟಲೆ ಮಾತಾಡೋರು ಇದಕ್ಕೆ ಏನು ಹೇಳ್ತಾರೋ ನೋಡೋಣ.

ಒಬ್ಬರೇ ಇದ್ದಾಗ ಎದೆ ನೋವು ಬಂದ್ರೆ ಜೋರಾಗಿ ಕೆಮ್ಮುತ್ತಾ ಇದ್ರೆ ಹೃದಯ ನಿಲ್ಲಲ್ಲ ಅಂತ ವಾಟ್ಸಾಪಲ್ಲಿ ಬಂದಿದೆ. ನಿಜಾನಾ?
ದಾವಣಗೆರೆ

ಇಲ್ಲ. ನಾನು ಸ್ಮಾರ್ಟ್‌ಫೋನ್ ತಗೊಂಡಾಗಿಂದ ಓಡಾಡ್ತಿದೆ ಈ ಮೆಸೇಜು. ಆ ಕೆಮ್ಮೋ ಹೊತ್ತಲ್ಲಿ 108ಕ್ಕೆ ಫೋನ್ ಮಾಡಿ, ಬಾಗಿಲ ಚಿಲಕ ತೆಗೆದಿಟ್ಟು ನೆಲದ ಮೇಲೆ ಕೂತ್ಕೊಳ್ಳಿ. ಚಿಲಕದ್ದು ಮರೀಬೇಡಿ, ಬಾಗಿಲು ಒಡೆಯೋಕೇ ಎಷ್ಟು ನಿಮಿಷ ಹೋಗುತ್ತೆ ಅಂತ ನನಗೆ ಗೊತ್ತು.

ನಮ್ಮ ಮನೆಯಿಂದ ಟಾರ್ ರೋಡಿಗೇ ಎರಡೂವರೆ ಕಿಲೋಮೀಟರ್. ಮಳೆಗಾಲದಲ್ಲಿ ಆಂಬುಲೆನ್ಸ್ ಬರೋಕೆ ಮುಕ್ಕಾಲು ಗಂಟೆ. ನಿಮ್ಮ ಹತ್ತು ನಿಮಿಷದ ಲೆಕ್ಕ ನಮಗೆ ಏನು ಪ್ರಯೋಜನ?
ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲೂಕು

ನಿಮ್ಮ ಸಿಟ್ಟು ನ್ಯಾಯವೇ. ಸುಳ್ಳು ಸಮಾಧಾನ ಹೇಳಲ್ಲ, ನಿಮ್ಮಲ್ಲಿ ಮನೆ ಅಂಗಳದಲ್ಲಿ ಹೃದಯ ನಿಂತ್ರೆ ಉಳಿಯೋ ಸಾಧ್ಯತೆ ಪೇಟೆಯವರಿಗಿಂತ ಕಮ್ಮಿ. ಎದೆ ಒತ್ತೋದ್ರಿಂದ ಮಾಮೂಲಿ ರಕ್ತದ ಓಟದ ಕಾಲು ಭಾಗದಿಂದ ಮೂರನೇ ಒಂದು ಭಾಗ ಸಿಗುತ್ತೆ ಅಷ್ಟೇ, ಅದರ ಮೇಲೆ ಮುಕ್ಕಾಲು ಗಂಟೆ ತಳ್ಳೋದು ಕಷ್ಟ. ಹಾಗಂತ ಒತ್ತದೇ ಇರಬೇಡಿ, ಮುಖ್ಯವಾಗಿ ಪಂಪ್‌ಸೆಟ್ ಹತ್ರ, ಮರ ಹತ್ತುವಾಗ ದೋಟಿ ಲೈನಿಗೆ ತಾಗಿ ಶಾಕ್ ಹೊಡೆದ ಹುಡುಗರಿಗೆ, ಅವರದು ಗಟ್ಟಿ ಹೃದಯ, ವಾಪಸ್ ಬರೋ ಚಾನ್ಸ್ ಜಾಸ್ತಿ. ಮೊದಲು ಕರೆಂಟ್ ತೆಗೆಸಿ, ಆಮೇಲೆ ಮುಟ್ಟಿ.

ನಿಮ್ಮಂಥ ಊರಲ್ಲಿ ಆಟ ಗೆಲ್ಲೋದು ಬೀಳೋದಕ್ಕಿಂತ ಮುಂಚೆ. ಎದೆ ಮೇಲೆ ಕಲ್ಲು ಹೇರಿದಂಗೆ ಭಾರ, ದವಡೆಗೋ ಎಡಗೈಗೋ ಹರಿಯೋ ನೋವು, ತಣ್ಣಗೆ ಬೆವರು, ಸುಮ್ಮನೆ ಸಂಕಟ, ಶುಗರ್ ಇರೋರಿಗೆ ನೋವೇ ಇಲ್ಲದೆ ಬರೀ ಸುಸ್ತು. ಇದನ್ನ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಬೆಳಗಾಗಲಿ ನೋಡೋಣ ಅಂತ ಮಲಗೋದಿದೆಯಲ್ಲ, ಮಲೆನಾಡಲ್ಲಿ ಜೀವ ತೆಗೀತಿರೋದು ಅದು. ಮಾತಾಡ್ತಾ ಇರೋವಾಗಲೇ ಜೀಪ್ ತೆಗೀರಿ, ಅವರನ್ನೇ ಬೈಕ್ ಓಡಿಸೋಕೆ ಬಿಡಬೇಡಿ. ತಾಲೂಕು ಆಸ್ಪತ್ರೆಗಳಿಗೆ ಪುನೀತ್ ಹೆಸರಲ್ಲೇ ಹೃದಯ ಜ್ಯೋತಿ ಅಂತ ಯೋಜನೆ ಬಂದಿದೆ, ಅಲ್ಲಿ ತೆಗೆದ ಇಸಿಜಿ ದೊಡ್ಡಾಸ್ಪತ್ರೆ ತಜ್ಞರಿಗೆ ಹೋಗುತ್ತೆ, ಬ್ಲಾಕ್ ಅಂತ ಗೊತ್ತಾದ್ರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ, ಹೊರಗೆ ತಗೊಂಡ್ರೆ ಹತ್ತಾರು ಸಾವಿರ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಇದು ಇದೆಯಾ, ರಾತ್ರಿನೂ ಇದೆಯಾ, ಆರಾಮಾಗಿರೋ ಒಂದು ದಿನ ಹೋಗಿ ಕೇಳಿಕೊಂಡು ಬನ್ನಿ. ನೋವು ಬಂದ ರಾತ್ರಿ ವಿಚಾರಿಸೋ ವಿಷಯ ಅಲ್ಲ ಇದು.

ನಮ್ಮ ಅಪಾರ್ಟ್‌ಮೆಂಟಲ್ಲಿ 160 ಮನೆ. ನಿಂತ ಹೃದಯಕ್ಕೆ ಶಾಕ್ ಕೊಡೋ ಎಇಡಿ ಮೆಷಿನ್ ತಗೊಳ್ಳೋಣ ಅಂದ್ರೆ ಕಮಿಟಿಯಲ್ಲಿ ಅರ್ಧ ಜನ ದುಡ್ಡು ದಂಡ ಅಂತಾರೆ, ತಪ್ಪಾಗಿ ಶಾಕ್ ಹೊಡೆದ್ರೆ ಅಂತಾನೂ ಭಯ.
ಕಾರ್ಯದರ್ಶಿ, ಬೆಂಗಳೂರು

ತಪ್ಪಾಗಿ ಹೊಡೆಯಲ್ಲ ಸರ್, ಅದೇ ಅದರ ಜಾಣತನ. ಪ್ಯಾಡ್ ಅಂಟಿಸಿದ ಮೇಲೆ ಮೆಷಿನ್ನೇ ಹೃದಯದ ಲಯ ನೋಡುತ್ತೆ, ನಡುಗ್ತಿದ್ರೆ ಮಾತ್ರ ಶಾಕ್‌ಗೆ ರೆಡಿ ಆಗುತ್ತೆ, ಇಲ್ಲಾಂದ್ರೆ ಬಟನ್ ಒತ್ತಿದ್ರೂ ಕೊಡಲ್ಲ. ಏನು ಮಾಡಬೇಕು ಅಂತ ಬಾಯಿಬಿಟ್ಟು ಹೇಳುತ್ತೆ. ಸಿನಿಮಾದಲ್ಲಿ ಗೆರೆ ನೆಟ್ಟಗಾದಮೇಲೆ ಶಾಕ್ ಕೊಟ್ಟು ಎಬ್ಬಿಸ್ತಾರಲ್ಲ, ಅದು ಶುದ್ಧ ಸುಳ್ಳು. ಶಾಕ್ ಕೆಲಸ ನಡುಗೋ ಹೃದಯವನ್ನ ಒಂದು ಕ್ಷಣ ಸುಮ್ಮನಾಗಿಸೋದು, ಆಮೇಲೆ ಅದೇ ತನ್ನ ಲಯ ಹಿಡಿಯುತ್ತೆ. ತಿಪಟೂರಿನವರಿಗೆ ಹೇಳಿದ ಗುಂಯ್ ಅನ್ನೋ ಮೋಟರ್ ನೆನಪಿಸಿಕೊಳ್ಳಿ, ಆಫ್ ಮಾಡಿ ಮತ್ತೆ ಹಾಕಿದಂಗೆ.

ಕಮಿಟಿಯವರಿಗೆ ಎರಡು ಕಥೆ ಹೇಳಿ. ಅಮೆರಿಕದ ಜೂಜಿನ ಕ್ಯಾಸಿನೋಗಳಲ್ಲಿ ಸೆಕ್ಯೂರಿಟಿ ಗಾರ್ಡ್‌ಗಳಿಗೇ ಈ ಮೆಷಿನ್ ಕಲಿಸಿದ್ರು, 2000ದಲ್ಲಿ ಫಲಿತಾಂಶ ಬಂತು, ನಡುಗೋ ಹೃದಯದವರಿಗೆ ಬಿದ್ದ ಮೂರು ನಿಮಿಷದೊಳಗೆ ಶಾಕ್ ಸಿಕ್ಕಿದ್ರೆ ಶೇಕಡಾ 74 ಜನ ಬದುಕಿ ಮನೆಗೆ ಹೋದ್ರು, ಮೂರು ನಿಮಿಷ ದಾಟಿದ್ರೆ 49. ಡಾಕ್ಟ್ರಲ್ಲ ನೋಡಿ, ಗಾರ್ಡ್‌ಗಳು. ಇನ್ನೊಂದು 12 ಜೂನ್ 2021, ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧ ಯೂರೋ ಫುಟ್ಬಾಲ್ ಮ್ಯಾಚ್, ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಫಸ್ಟ್ ಹಾಫ್ ಮುಗಿಯೋ ಹೊತ್ತಿಗೆ ಮೈದಾನದಲ್ಲೇ ಬಿದ್ದ, ಎದೆ ಒತ್ತಿದ್ರು, ಒಂದೇ ಶಾಕ್, ಮೈದಾನದಲ್ಲೇ ಕಣ್ಣು ಬಿಟ್ಟ. ಎದೆಯೊಳಗೆ ಸಣ್ಣ ಮೆಷಿನ್ ಹಾಕಿಸಿಕೊಂಡು 2022ರಲ್ಲಿ ಮತ್ತೆ ಆಡಿದ. ಡೆನ್ಮಾರ್ಕಲ್ಲಿ ಶಾಲೆ ಮಕ್ಕಳಿಗೂ ಇದನ್ನ ಕಲಿಸ್ತಾರೆ, ಡ್ರೈವಿಂಗ್ ಲೈಸೆನ್ಸ್ ಬೇಕಾದ್ರೂ ಪ್ರಥಮ ಚಿಕಿತ್ಸೆ ಕೋರ್ಸ್ ಮಾಡಿರಬೇಕು.

ತಗೊಂಡ್ರೆ ಮಾತ್ರ ದಯವಿಟ್ಟು ಕ್ಲಬ್ ಹೌಸಿನ ಬೀರುವಿನಲ್ಲಿಟ್ಟು ಬೀಗ ಹಾಕಿ ಕೀ ನಿಮ್ಮ ಜೇಬಲ್ಲಿ ಇಟ್ಟುಕೋಬೇಡಿ. ಗೇಟಿನ ಸೆಕ್ಯೂರಿಟಿ ಹತ್ರ ಕಾಣೋ ಹಂಗೆ ಇರಲಿ, ರಾತ್ರಿ ಪಾಳಿ ಗಾರ್ಡಿಗೂ ಕಲಿಸಿ. ಪ್ಯಾಡಿಗೆ, ಬ್ಯಾಟರಿಗೆ ಎಕ್ಸ್‌ಪೈರಿ ಇದೆ, ಲಿಫ್ಟ್ ಸರ್ವಿಸ್ ಥರ ಒಬ್ಬರ ಹೆಸರಿಗೆ ಹಚ್ಚಿ. ಅಂಟಿಸೋವಾಗ ಎದೆ ಬೆವರು ಒರೆಸಬೇಕು, ತಾಳಿ ಸರ ಪಕ್ಕಕ್ಕೆ ಸರಿಸಬೇಕು, ರವಿಕೆ ಕತ್ತರಿಸೋಕೆ ಒಂದು ಕತ್ತರಿ ಬ್ಯಾಗಲ್ಲೇ ಇರಲಿ. ಮೆಷಿನ್ ತರೋಕೆ ಒಬ್ಬರು ಓಡುವಾಗ ಇನ್ನೊಬ್ಬರು ಒತ್ತುತಾನೇ ಇರಬೇಕು.

ನಮ್ಮ ಹೈಸ್ಕೂಲಲ್ಲಿ ಸಿಪಿಆರ್ ಟ್ರೈನಿಂಗ್ ಆಯ್ತು. ಮಕ್ಕಳು ಮೂವತ್ತರವರೆಗೆ ಕನ್ನಡದಲ್ಲಿ ಎಣಿಸ್ತಾ ಒತ್ತಿದ್ರೆ ಹತ್ತಾದಮೇಲೆ ನಿಧಾನ ಆಗ್ತಾರೆ. ಇಂಗ್ಲಿಷಲ್ಲೇ ಎಣಿಸಿ ಅನ್ನಬೇಕಾ?
ಪಿಟಿ ಮೇಷ್ಟ್ರು, ಗದಗ

ಮೇಷ್ಟ್ರೇ, ಎಷ್ಟು ಸೂಕ್ಷ್ಮವಾಗಿ ನೋಡಿದೀರಿ! ಹದಿನೇಳು, ಹದಿನೆಂಟು, ಇಪ್ಪತ್ತಾರು, ಬಾಯಿ ತುಂಬೋ ಪದಗಳು, ಅರ್ಧ ಸೆಕೆಂಡಲ್ಲಿ ಹೇಳಿ ಮುಗಿಸೋಕಾಗಲ್ಲ, ಬಾಯಿ ನಿಧಾನ ಆದ್ರೆ ಕೈಯೂ ನಿಧಾನ. ಇಂಗ್ಲಿಷೇನೂ ಬೇಡ. ಒಂದ್, ಎರ್ಡ್, ಮೂರ್, ನಾಕ್, ಐದ್, ಆರ್, ಏಳ್, ಎಂಟ್, ಒಂಬತ್, ಹತ್ತ್, ಇಷ್ಟನ್ನೇ ಮೂರು ಸಲ, ಸುತ್ತಲಿರೋರು ಜೋರಾಗಿ ಕೂಗಲಿ, ಒತ್ತೋರು ಒತ್ತಲಿ. ನಮ್ಮ ನರ್ಸಿಂಗ್ ಹುಡುಗೀರಿಗೆ ನಾನೂ ಹಂಗೇ ಹೇಳಿಕೊಡೋದು, ಒಂಬತ್ತನೇದಕ್ಕೆ ಸ್ವಲ್ಪ ಎಡವುತ್ತಾರೆ, ಪರವಾಗಿಲ್ಲ.